‘ನೂರಾ ನಲವತ್ತು’ ಅಂದರೆ ಯಾವುದಕ್ಕೆ ಅಂತ ಮೊದಲೇ ಕೇಳಿ, ಬಳ್ಳಾರಿಯವರೇ

ಬಳ್ಳಾರಿಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರವೋ, ಆಸ್ಪತ್ರೆ ಗೇಟಿನ ಹತ್ತಿರವೋ ಗುರುತಿಲ್ಲದವರು ಬಂದು ನಿಮ್ಮ ಅವ್ವನ ಕಾಲು ನೋಡಿ ಮಾತಾಡಿಸಿದರೆ ನಿಲ್ಲಬೇಡಿ. ಎಷ್ಟೇ ಒಳ್ಳೆಯವರ ಹಾಗೆ ಕಾಣಲಿ, ನಿಲ್ಲಬೇಡಿ. ನಾನು ನಿಂತೆ. ಮಂಡಿ ನೋವಿನ ಪುಡಿ ಅಂತ 21,860 ರೂಪಾಯಿ ಹೋಯಿತು. ದುಡ್ಡು ಹಾಳಾಗಿ ಹೋಗಲಿ, ಅವ್ವ ಆರು ದಿನ ಆಸ್ಪತ್ರೆಯಲ್ಲಿ ಮಲಗಿದಳು.

ಬರೆಯೋಕೆ ನಾಚಿಕೆ ಆಗುತ್ತದೆ. ಯಾಕೆಂದರೆ ನನ್ನ ಕೆಲಸವೇ ಲೆಕ್ಕ ಬರೆಯೋದು. ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ಹನ್ನೊಂದು ವರ್ಷದಿಂದ ಇದ್ದೇನೆ. ಗುಂಡಿ ಎಷ್ಟು, ಜಿಪ್ ಎಷ್ಟು, ಪೀಸಿಗೆ ಕೂಲಿ ಎಷ್ಟು, ಎಲ್ಲ ನನ್ನ ಕೈಯಲ್ಲೇ. ಪೀಸಿಗೆ ಐವತ್ತು ಪೈಸೆ ಜಾಸ್ತಿ ಬರೆಸಿದರೂ ಹಿಡಿಯುತ್ತೇನೆ. ಅಂಥವನಿಗೆ ಒಬ್ಬ ಎದುರಿಗೇ ತಕ್ಕಡಿ ಇಟ್ಟುಕೊಂಡು ಟೋಪಿ ಹಾಕಿದ.

ನಮ್ಮೂರು ಸಿರುಗುಪ್ಪದ ಕಡೆ. ಅವ್ವ ನಲವತ್ತು ವರ್ಷ ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವಳು. ಮೊಣಕಾಲು ಸವೆದಿದೆ, ಎಕ್ಸ್‌ರೇಯಲ್ಲೇ ಕಾಣುತ್ತದೆ. ತೂಕ ಇಳಿಸಬೇಕು, ಕಾಲಿನ ವ್ಯಾಯಾಮ ಮಾಡಬೇಕು, ಮುಂದೆ ಬೇಕಾದರೆ ಆಪರೇಷನ್ ಅಂತ ಡಾಕ್ಟರ್ ಹೇಳಿದ್ದರು. ಜೊತೆಗೆ ಸಕ್ಕರೆ ಕಾಯಿಲೆ. ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಆಪರೇಷನ್ ಅಂದ ಕೂಡಲೇ ಅವ್ವ ಹೆದರಿದಳು. ಯಾರು ಹೆದರಲ್ಲ ಹೇಳಿ?

ಸಂಕ್ರಾಂತಿ ಆದ ಮೇಲೆ ಒಂದು ದಿನ ಅವ್ವನನ್ನು ಊರಿಂದ ಕರೆದುಕೊಂಡು ಬಂದೆ. ಬಸ್ಸಿಳಿದು ಆಟೋ ಹುಡುಕುತ್ತಿದ್ದೆವು. ಅವ್ವ ಕಂಬ ಹಿಡಿದು ನಿಂತಿದ್ದಳು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ ಒಬ್ಬರು, ಐವತ್ತರ ಆಸುಪಾಸಿನವರು, ಹತ್ತಿರ ಬಂದರು. ಕೈಯಲ್ಲಿ ತರಕಾರಿ ಚೀಲ. ಅದರಿಂದ ನಾಲ್ಕು ನುಗ್ಗೆಕಾಯಿ ಹೊರಗೆ ಇಣುಕುತ್ತಿದ್ದವು. ನುಗ್ಗೆಕಾಯಿ ಹಿಡಿದುಕೊಂಡು ಮನೆಗೆ ಹೊರಟವನು ಮೋಸ ಮಾಡುತ್ತಾನೆ ಅಂತ ಯಾರಿಗಾದರೂ ಅನ್ನಿಸುತ್ತದಾ?

“ಅಮ್ಮಾರಿಗೆ ಮೊಣಕಾಲಾ ಸರ್? ನಮ್ ಅತ್ತೀಗೂ ಹಿಂಗೇ ಇತ್ತು ನೋಡ್ರಿ. ಆಪರೇಷನ್ ಅಂದಿದ್ರು. ಈಗ ಮಾಳಿಗಿ ಹತ್ತಿ ಮೆಣಸಿನಕಾಯಿ ಒಣಗಿಸ್ತಾಳ.”

ನಾನೇನೂ ಕೇಳಲಿಲ್ಲ. ಅವರೇ ಫೋನ್ ಹಚ್ಚಿ ಅವ್ವನ ಕೈಗೆ ಕೊಟ್ಟರು. ಆ ಕಡೆಯಿಂದ ಒಂದು ಮುದುಕಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡಿತು. ನಮ್ಮ ಬಳ್ಳಾರಿಯಲ್ಲಿ ಎಲ್ಲರೂ ಮಾತಾಡುವ ಹಾಗೇ. ಅವ್ವ ಐದು ನಿಮಿಷ ಮಾತಾಡಿ ಫೋನ್ ಕೊಟ್ಟಾಗ ಅವಳ ಮುಖವೇ ಬೇರೆ ಆಗಿತ್ತು.

ಆತ ದುಡ್ಡು ಕೇಳಲಿಲ್ಲ. ಅಂಗಡಿಗೆ ಬನ್ನಿ ಅಂತಲೂ ಅನ್ನಲಿಲ್ಲ. ಒಂದು ಚೀಟಿಯಲ್ಲಿ ಐದು ಹೆಸರು ಬರೆದುಕೊಟ್ಟು, “ಯಾವ ಗ್ರಂಧಿಗೆ ಅಂಗಡಿಯಾಗಾದ್ರೂ ತಗೊಳ್ರಿ, ಒಂದೇ ಕಡೆ ಅಂತೇನಿಲ್ಲ” ಅಂದ. ನಾನು ಬಿದ್ದದ್ದು ಇಲ್ಲೇ. ಎರಡು ಅಂಗಡಿಯಲ್ಲಿ ಕೇಳಿದೆ. ಅಶ್ವಗಂಧ ಇದೆ, ಗುಗ್ಗುಳ ಇದೆ, ರಾಸ್ನಾ ಇದೆ, ಮುತ್ತಿನ ಭಸ್ಮ ತರಿಸಿಕೊಡುತ್ತೇವೆ ಅಂದರು. ಐದನೆಯದು ಯಾರಿಗೂ ಗೊತ್ತಿಲ್ಲ. ಅದೊಂದು ‘ವಿಶೇಷ ಭಸ್ಮ’. ಆತ ನಂಬರ್ ಕೊಟ್ಟಿದ್ದ, ಫೋನ್ ಮಾಡಿದೆ. “ಹೌದ್ರಿ, ಅದೊಂದು ಅಲ್ಲೇ ಸಿಗೋದು” ಅಂತ ಒಂದು ಅಂಗಡಿ ಹೇಳಿದ. ನನ್ನ ಕಾಲಿನಿಂದ ನಾನೇ ನಡೆದುಕೊಂಡು ಹೋದೆ. ಯಾರೂ ಎಳೆದುಕೊಂಡು ಹೋಗಲಿಲ್ಲ.

ಅಂಗಡಿ ಹೊರಗೆ ದೊಡ್ಡ ಬೋರ್ಡು. ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು, ಮೂಲವ್ಯಾಧಿ, ಎಲ್ಲಕ್ಕೂ ಶಾಶ್ವತ ಪರಿಹಾರ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಹಾಗೆ ಜಾಹೀರಾತು ಹಾಕೋದನ್ನೇ 1954ರ ಒಂದು ಕಾನೂನು ನಿಷೇಧಿಸಿದೆ ಅಂತ ಆಮೇಲೆ ಗೊತ್ತಾಯಿತು. ಅವತ್ತು ಬೋರ್ಡು ನೋಡಿ ನನಗೆ ಧೈರ್ಯವೇ ಬಂದಿತ್ತು.

ಒಳಗೆ ಕೂತಿದ್ದವನು ಚೀಟಿ ನೋಡಿದ. ಒಂದೊಂದೇ ಡಬ್ಬಿ ತೆಗೆದ. ಬೆಲೆ ಹೇಳುತ್ತಾ ಹೋದ. “ಅಶ್ವಗಂಧ ಎಂಟು, ಗುಗ್ಗುಳ ಹನ್ನೆರಡು, ರಾಸ್ನಾ ಆರು, ಮುತ್ತಿಂದು ಇನ್ನೂರಾ ಹತ್ತು, ಇದು ನೂರಾ ನಲವತ್ತು.” ನಾನು ತಲೆಯಲ್ಲೇ ಕೂಡಿಸಿದೆ. 376. ಪರವಾಗಿಲ್ಲ, ನಾಲ್ಕು ನೂರರೊಳಗೆ ಮುಗಿಯಿತು ಅಂದುಕೊಂಡೆ. ಎಂಟು ರೂಪಾಯಿಗೆ ಏನು ಬರುತ್ತದೆ ಅಂತ ಆವಾಗಲಾದರೂ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಒಂದು ಪೊಟ್ಟಣಕ್ಕೋ, ತೊಲಕ್ಕೋ ಇರಬೇಕು ಅಂದುಕೊಂಡೆ. ಕೇಳಲಿಲ್ಲ. ಯಾವುದಕ್ಕೆ ಅಂತ ಕೇಳಲಿಲ್ಲ.

ಆತ ತೂಗಿದ್ದನ್ನೆಲ್ಲ ಮಿಕ್ಸಿಗೆ ಸುರಿದ. ಗರ್ ಅಂತ ಸದ್ದು. ಬೂದಿಗೆಂಪು ಬಣ್ಣದ ಪುಡಿ ಆಯಿತು. ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದ.

29,860.

ನಾನು ದಶಮಾಂಶದ ಚುಕ್ಕಿ ಕಾಣುತ್ತಿಲ್ಲವೇನೋ ಅಂತ ಬಗ್ಗಿ ನೋಡಿದೆ. ನಿಜವಾಗಿಯೂ ಬಗ್ಗಿ ನೋಡಿದೆ.

“ನೂರಾ ನಲವತ್ತು ಅಂದ್ರಲ್ಲ?”

“ಗ್ರಾಂಗೆ ಸರ್. ನೂರಾ ಎಂಬತ್ತು ಗ್ರಾಂ ಹಾಕೀನಿ. ದಿನಕ್ಕ ನಾಲ್ಕು ಗ್ರಾಂ, ನಲವತ್ತೈದು ದಿನ. ನೀವ ಲೆಕ್ಕಾ ಮಾಡ್ರಿ.”

ಮಾಡಿದೆ. ಲೆಕ್ಕ ಸರಿಯಾಗಿತ್ತು. ಅದೊಂದಕ್ಕೇ 25,200. ಅಶ್ವಗಂಧ ಗ್ರಾಂಗೆ ಎಂಟು ಅಂದರೆ ಕಿಲೋಗೆ 8,000! ಮರುವಾರ ಬೇರೆ ಅಂಗಡಿಯಲ್ಲಿ ನೂರು ಗ್ರಾಂ ಅಶ್ವಗಂಧದ ಪುಡಿ 70 ರೂಪಾಯಿಗೆ ತಂದೆ, ಬರೀ ಹೊಟ್ಟೆ ಉರಿಸಿಕೊಳ್ಳೋಕೆ.

ಬೇಡ, ವಾಪಸ್ ತಗೊಳ್ಳಿ ಅಂದೆ. ನನ್ನ ಸಂಬಳ ತಿಂಗಳಿಗೆ 24,000.

“ಹೆಂಗ ತಗೊಳ್ಲಿ? ಕಲಸಿಬಿಟ್ಟೀನಲ್ರಿ. ಸಾರಿಗೆ ಹಾಕಿದ ಉಪ್ಪು ತೆಗಿಯಾಕ ಬರ್ತದೇನು?”

ಮೊದಲೇ ಹೇಳಬೇಕಿತ್ತು ಅಂದೆ. “ಹೇಳೀನಿ. ನೀವ್ ಕೇಳಿಸ್ಕೊಂಡಿಲ್ಲ.” ದನಿ ಏರಿಸಲೇ ಇಲ್ಲ ಪುಣ್ಯಾತ್ಮ. ಬಾಗಿಲ ಹತ್ತಿರ ಇನ್ನಿಬ್ಬರು ಬಂದು ನಿಂತಿದ್ದರು. ಗಿರಾಕಿಗಳೋ, ಅವನ ಕಡೆಯವರೋ, ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವ್ವನ ಕಡೆ ನೋಡಿಕೊಂಡು ನನಗೆ ಅಂದ: “ಹೆತ್ತಾಕಿ ಕಾಲಿಗಿಂತ ದುಡ್ಡು ಜಾಸ್ತಿ ಆತೇನ್ರಿ?”

ಅವ್ವ ಸ್ಟೂಲಿನ ಮೇಲೆ ಕೂತಿದ್ದಳು. ಏನೂ ಮಾತಾಡಲಿಲ್ಲ. ಸೊಂಟದಲ್ಲಿದ್ದ ಎಲೆಅಡಿಕೆ ಚೀಲ ಬಿಚ್ಚಿದಳು. ನಾಲ್ಕಾಗಿ ಮಡಚಿದ ನೋಟುಗಳು, ಸುಣ್ಣದ ಕಲೆ ಹತ್ತಿದ್ದವು. ಗೃಹಲಕ್ಷ್ಮಿಯ ಎರಡು ಕಂತು, 4,000. ಅದನ್ನು ಅವಳೇ ಮೇಜಿನ ಮೇಲೆ ಇಟ್ಟಳು. ಇನ್ನು ನಾನು ಏನು ಮಾಡಬೇಕಿತ್ತು? ಕಿಸೆಯಲ್ಲಿದ್ದ 2,860 ಕೊಟ್ಟೆ, ಫೋನಿನಿಂದ 15,000 ಹಾಕಿದೆ. 8,000 ಬಾಕಿ. ದುಡ್ಡು ಹೋಗಿದ್ದು ಅಂಗಡಿ ಹೆಸರಿಗಲ್ಲ, ಯಾವುದೋ ಒಬ್ಬರ ಹೆಸರಿಗೆ. ಬಿಲ್ ಕೇಳಿದರೆ ಬಿಳಿ ಚೀಟಿಯ ಮೇಲೆ ‘ಔಷಧಿ’ ಅಂತ ಬರೆದುಕೊಟ್ಟ. ಅಷ್ಟೇ, ‘ಔಷಧಿ’.

ಇಲ್ಲಿಗೇ ಮುಗಿದಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಪುಡಿ ಕೆಲಸ ಮಾಡಿತು! ಮೂರನೇ ದಿನಕ್ಕೆ ನೋವು ಮಾಯ. ಅವ್ವ ಕೈ ಊರದೆ ಎದ್ದಳು, ಮಹಡಿ ಹತ್ತಿ ಬಟ್ಟೆ ತಂದಳು. ಓಣಿಗೆಲ್ಲ ಹೇಳಿದಳು. ನನಗೂ ಹೊಟ್ಟೆ ತಣ್ಣಗಾಯಿತು. ದುಬಾರಿ ಆದರೂ ಒಳ್ಳೆ ಮಾಲು ಅಂದುಕೊಂಡೆ. ಬೈಯುತ್ತಿದ್ದ ಹೆಂಡತಿಗೆ “ನೋಡಿದ್ಯಾ?” ಅಂತ ಬೇರೆ ಅಂದೆ. ಪಕ್ಕದ ಮನೆ ಅಕ್ಕ ಕೇಳಿದರೆ ಅಂಗಡಿ ಗುರುತು ಹೇಳಿದೆ. ನಾನೇ ಹೇಳಿದೆ.

ಹದಿನೈದು ದಿನ ಆಗೋ ಹೊತ್ತಿಗೆ ಅವ್ವನ ಮುಖ ದುಂಡಗಾಯಿತು. ಹಸಿವು ಜಾಸ್ತಿ, ಎರಡು ರೊಟ್ಟಿ ತಿನ್ನುವವಳು ನಾಲ್ಕು ತಿಂದಳು. ಮೈ ಕೈ ತುಂಬಿಕೊಂಡಿದೆ ಅಂತ ನೆಂಟರು ಖುಷಿಪಟ್ಟರು. ಆಮೇಲೆ ಕಾಲು ಊದಿತು. ರಾತ್ರಿ ಐದಾರು ಸಲ ಏಳೋದು, ಚೊಂಬುಗಟ್ಟಲೆ ನೀರು ಕುಡಿಯೋದು. ಇಪ್ಪತ್ತೈದನೇ ದಿನ ತಲೆ ಸುತ್ತಿ ಬಚ್ಚಲಲ್ಲಿ ಕೂತುಬಿಟ್ಟಳು. ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದರೆ 386.

ಡಾಕ್ಟರು ಅವ್ವನ ಮುಖ ನೋಡಿ ಕೇಳಿದ ಮೊದಲ ಮಾತು: “ಮಂಡಿ ನೋವಿಗೆ ಪುಡಿ ಏನಾದ್ರೂ ತಗೊಂಡ್ರಾ?” ನನಗೆ ನೆಲ ಬಿರಿಯಬಾರದಾ ಅನ್ನಿಸಿತು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಲೇಬಲ್ ಇಲ್ಲದ ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಥರದ ಸ್ಟೀರಾಯ್ಡ್ ಮಾತ್ರೆಗಳನ್ನು ಅರೆದು ಸೇರಿಸುವವರಿದ್ದಾರೆ. ನೋವಿನ ಮಾತ್ರೆಯನ್ನೂ ಸೇರಿಸುತ್ತಾರೆ. ಸ್ಟೀರಾಯ್ಡ್ ಊತ, ನೋವು ಬೇಗ ಇಳಿಸುತ್ತದೆ, ಸವೆದ ಕೀಲು ಸವೆದ ಹಾಗೇ ಇರುತ್ತದೆ. ಸಕ್ಕರೆ ಏರಿಸುತ್ತದೆ, ಮುಖ ಊದಿಸುತ್ತದೆ, ಹಸಿವು ಹೆಚ್ಚಿಸುತ್ತದೆ. ಇನ್ನೊಂದು ಮಾತು, ಇದು ನನಗೆ ಗೊತ್ತೇ ಇರಲಿಲ್ಲ: ವಾರಗಟ್ಟಲೆ ತಗೊಂಡವರು ಗಾಬರಿಯಾಗಿ ಒಮ್ಮೆಲೇ ನಿಲ್ಲಿಸಲೂ ಬಾರದು. ಮೈ ತನಗೆ ಬೇಕಾದ ಸ್ಟೀರಾಯ್ಡನ್ನು ತಾನೇ ಮಾಡಿಕೊಳ್ಳೋದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ಬಿಟ್ಟರೆ ಬಿಪಿ ಬಿದ್ದು ಜೀವಕ್ಕೇ ಅಪಾಯ ಬರಬಹುದು. ಹಾಗಾಗಿ ಅವರೇ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸಿದರು. ಪುಡಿಯಲ್ಲಿ ಇದೇ ಇತ್ತು ಅಂತ ಲ್ಯಾಬಿನ ಕಾಗದ ನನ್ನ ಹತ್ತಿರ ಇಲ್ಲ. ಅವ್ವನ ಮುಖ ಇತ್ತು, 386 ಇತ್ತು.

ಆಯುರ್ವೇದಕ್ಕೆ ಬೈಯುತ್ತಿಲ್ಲ ನಾನು. ನಮ್ಮ ಬಳ್ಳಾರಿಯಲ್ಲೇ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜು ಇದೆ, ಕಲಿತ ವೈದ್ಯರಿದ್ದಾರೆ. ಅದನ್ನು ಬಿಟ್ಟು ನುಗ್ಗೆಕಾಯಿ ಚೀಲದವನನ್ನು ನಂಬಿದೆ. ಗುರುತಿನ ಆಯುರ್ವೇದ ಡಾಕ್ಟರ್ ಒಬ್ಬರಿಗೆ ಚೀಟಿ ತೋರಿಸಿದಾಗ ಅವರು ತಲೆ ಚಚ್ಚಿಕೊಂಡರು. ಭಸ್ಮ ಕೊಡೋದು ಸಾಮಾನ್ಯವಾಗಿ ಮಿಲಿಗ್ರಾಂ ಲೆಕ್ಕದಲ್ಲಂತೆ. ದಿನಕ್ಕೆ ನಾಲ್ಕು ಗ್ರಾಂ ಭಸ್ಮ ಅಂದರೆ ವೈದ್ಯಕೀಯ ಓದಿದವರು ಯಾರೂ ಕೊಡಲ್ಲ ಅಂದರು. ನೋಡಿ, ಅಲ್ಲೂ ಲೆಕ್ಕವೇ!

ಅಂಗಡಿಯವನಿಗೆ ಫೋನ್ ಮಾಡಿದೆ. ಎತ್ತಿದ. ಬಾಕಿ ಇತ್ತಲ್ಲ, ಎತ್ತುತ್ತಾನೆ.

“ಮುಖ ಊದಿಲ್ಲ ಸರ್ ಅದು. ಹಳೇ ವಿಷ ಹೊರಗ ಬರ್ತಾ ಐತೆ.”

ಸಕ್ಕರೆ 386 ಆಗಿದೆ ಅಂದೆ.

“ಪಥ್ಯ ಮಾಡ್ಸಿದ್ರೇನು? ಬದನಿಕಾಯಿ ತಿಂದಿರ್ತಾರ.”

ಅವ್ವ ಬದನೆಕಾಯಿ ತಿಂದಿದ್ದು ನಿಜ. ಎಣ್ಣೆಗಾಯಿ, ಎರಡು ಸಲ. ಒಂದು ಕ್ಷಣ ನನಗೇ ಅನುಮಾನ ಬಂತು, ಬದನೆಕಾಯಿಯಿಂದಲೇ ಇರಬಹುದಾ ಅಂತ! ಅಷ್ಟು ಮರುಳಾಗಿದ್ದೆ.

ದುಡ್ಡು ವಾಪಸ್ ಕೊಡು ಅಂದಿದ್ದಕ್ಕೆ, “ಬಾಕಿ ಎಂಟು ಸಾವಿರ ಕೊಟ್ಟಿಲ್ಲ ನೀವು. ಋಣ ಇಟ್ಕೊಂಡು ತಿಂದ ಔಷಧಿ ಹೆಂಗ ಹತ್ತತೈತೆ?” ಅಂದ. ಇದನ್ನು ನಗುತ್ತಾ ಹೇಳಲಿಲ್ಲ. ಬುದ್ಧಿ ಹೇಳುವವರ ಹಾಗೆ ಹೇಳಿದ. ಮರುದಿನ ಅವನೇ ಫೋನ್ ಮಾಡಿ, ಸಕ್ಕರೆಗೂ ಒಂದು ಪುಡಿ ಇದೆ, ನಿಮಗಾದರೆ ಆರು ಸಾವಿರಕ್ಕೆ ಮಾಡಿಕೊಡುತ್ತೇನೆ ಅಂದ. ಬಾಯಿಗೆ ಬಂದ ಹಾಗೆ ಬೈದೆ. ಅವತ್ತಿಂದ ಫೋನ್ ಎತ್ತುತ್ತಿಲ್ಲ. ವಾರ ಬಿಟ್ಟು ಹೋದರೆ ಬೋರ್ಡೂ ಇಲ್ಲ, ಶಟರ್ ಎಳೆದಿತ್ತು. ಪಕ್ಕದ ಟೀ ಅಂಗಡಿಯವನು “ಮೂರು ತಿಂಗಳ ಬಾಡಿಗೆಗೆ ಬಂದಿದ್ರು” ಅಂದ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ‘ಔಷಧಿ’ ಅಂತ ಬರೆದ ಚೀಟಿ ಹಿಡಿದುಕೊಂಡು ಎಷ್ಟು ದೂರ ಹೋಗುತ್ತೇನೋ ಗೊತ್ತಿಲ್ಲ.

ನೀವು ಇಷ್ಟು ಮಾಡಿ. ಬೆಲೆ ಗ್ರಾಂಗೋ, ತೊಲಕ್ಕೋ, ಎಲ್ಲ ಸೇರಿ ಎಷ್ಟೋ ಕೇಳಿ, ಬರೆಸಿಕೊಳ್ಳಿ, ಆಮೇಲೆ ಮಿಕ್ಸಿಗೆ ಹಾಕೋಕೆ ಬಿಡಿ. ಅಲ್ಲ, ಮಿಕ್ಸಿ ಇರುವ ಅಂಗಡಿಗೆ ಹೋಗಲೇಬೇಡಿ. ಆಯುರ್ವೇದದ ಔಷಧಿ ಅಂದರೆ ಡಬ್ಬಿ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಲೇಬೇಕು. ಹಳೇ ನೋವು ಮೂರೇ ದಿನಕ್ಕೆ ಹೋದರೆ ಖುಷಿಪಡಬೇಡಿ, ಸಕ್ಕರೆ ನೋಡಿಸಿ. ಬಸ್ ಸ್ಟ್ಯಾಂಡಲ್ಲಿ ಯಾರಾದರೂ ಅತ್ತೆಗೆ ಫೋನ್ ಹಚ್ಚಿದರೆ ಆಟೋ ಹತ್ತಿ.

ಪಕ್ಕದ ಮನೆ ಅಕ್ಕನ ವಿಷಯ ಹೇಳಿದೆನಲ್ಲ, ಅವರೂ ಅಲ್ಲಿಂದ ಪುಡಿ ತಂದಿದ್ದರು. ಅವ್ವ ಮನೆಗೆ ಬಂದ ದಿನ ಸಂಜೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಡಬ್ಬಿ ತಗೊಂಡು ನಾಳೆನೇ ಡಾಕ್ಟರ ಹತ್ತಿರ ಹೋಗೋಣ, ನಾನೇ ಬರುತ್ತೇನೆ ಅಂದೆ. ಅವರು ಕುಳಿತಲ್ಲಿಂದ ಪಟ್ಟನೆ ಎದ್ದು ನಿಂತು, ಕೂತು, ಮತ್ತೆ ಎದ್ದು ತೋರಿಸಿದರು. “ನೋಡಪ್ಪ, ಎಷ್ಟು ಆರಾಮ್ ಆಗೈತೆ. ನಿಮ್ಮವ್ವಗ ಮೈಗೆ ಹಿಡಿಲಿಲ್ಲ ಅಂದ್ರ ನಾನ್ಯಾಕ ಬಿಡ್ಲಿ?” ಅಂದರು. ಚಹಾ ಕೊಟ್ಟರು. ಅವರ ಮುಖವೂ ಸ್ವಲ್ಪ ತುಂಬಿಕೊಂಡಿದೆ.