ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿಸಿಕೊಳ್ಳುವ ಸ್ಟುಡಿಯೋದವರೇ, ದಯವಿಟ್ಟು ಓದಿ

ಮದುವೆ ಫೋಟೋ, ವಿಡಿಯೋ ಕೆಲಸ ಮಾಡುವವರು ಇದನ್ನು ಓದಿ, ಪರಿಚಯದವರಿಗೂ ತಿಳಿಸಿ.

ನಮ್ಮ ಸ್ಟುಡಿಯೋದ ಕಂಪ್ಯೂಟರ್ ರಿಪೇರಿಗೆ ಬಂದವರು, ನಾವು ಕೇಳದಿದ್ದರೂ, ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ರ್ಯಾಕ್ ಪ್ರತಿ, ಅಂದರೆ ಹಣ ಕೊಡದೆ ಬಳಸುವ ಕಳ್ಳಪ್ರತಿ, ಹಾಕಿಕೊಟ್ಟು ಹೋದರು. ಅದರ ಜೊತೆಗಿದ್ದ ಸೂಚನೆಯ ಮೊದಲ ಸಾಲೇ 'ಆಂಟಿವೈರಸ್ ಆಫ್ ಮಾಡಿ' ಎಂದಿತ್ತು. ಅವರು ಹಾಗೆಯೇ ಮಾಡಿದ್ದರು. ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂಬ ಕಿಟಕಿ ಪರದೆಯ ಮೇಲೆ ಬಂತು. ಅದು ನಕಲಿ. ಅದರ ಮರೆಯಲ್ಲಿ ಫೈಲುಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿತ್ತು.

ಪ್ರತಿ ಫೈಲಿನ ಹೆಸರಿಗೂ ಅರ್ಥವಿಲ್ಲದ ನಾಲ್ಕಕ್ಷರದ ಬಾಲ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ 490. ಬ್ಯಾಕಪ್ ಹಾರ್ಡ್ ಡಿಸ್ಕ್ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು, ಅದೂ ಹೋಯಿತು. ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನೂ ಈ ವೈರಸ್ ಅಳಿಸಿಹಾಕುತ್ತದೆ.

ಇದರ ಹೆಸರು ಸ್ಟಾಪ್, ಡಿಜೆವಿಯು ಎಂದೂ ಕರೆಯುತ್ತಾರೆ. 2017ರ ಮೇ ತಿಂಗಳಲ್ಲಿ ಜಗತ್ತನ್ನು ನಡುಗಿಸಿದ, ಹೀಗೆಯೇ ಫೈಲುಗಳಿಗೆ ಬೀಗ ಹಾಕುವ ವಾನ್ನಾಕ್ರೈ ವೈರಸ್, ಯಾರೂ ಏನನ್ನೂ ಒತ್ತದೆ, ವಿಂಡೋಸ್‌ನ ಒಂದು ದೋಷದ ಮೂಲಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿತ್ತು. ಸ್ಟಾಪ್‌ಗೆ ಅಷ್ಟು ಕಷ್ಟವಿಲ್ಲ. ಕ್ರ್ಯಾಕ್ ಬೇಕೆಂದು ಹುಡುಕುವವರೇ ಅದನ್ನು ಒಳಗೆ ಕರೆದುಕೊಳ್ಳುತ್ತಾರೆ.

ಚೀಟಿಯ ಕೊನೆಯಲ್ಲಿರುವ ಗುರುತಿನ ಸಂಖ್ಯೆಯನ್ನು ನೋಡಿ. ಅದು 'ಟಿ1' (t1) ಎಂದು ಮುಗಿದರೆ ಸ್ವಲ್ಪ ಆಸೆ ಇದೆ: ವೈರಸ್‌ಗೆ ಇಂಟರ್ನೆಟ್‌ನಲ್ಲಿರುವ ಕಳ್ಳರ ಸರ್ವರ್ ಸಿಗದೆ, ಅನೇಕರಿಗೆ ಬಳಸಿದ ಒಂದೇ ಕೀಲಿಯನ್ನು ಬಳಸಿದೆ ಎಂದರ್ಥ. ಆ ಕೀಲಿ ಪತ್ತೆಯಾಗಿದ್ದರೆ ಎಮ್ಸಿಸಾಫ್ಟ್ ಎಂಬ ಆಂಟಿವೈರಸ್ ಕಂಪನಿಯ ಉಚಿತ ಉಪಕರಣ ಬೀಗ ತೆಗೆಯುತ್ತದೆ. ನಮ್ಮದು ಹಾಗೆ ಮುಗಿದಿರಲಿಲ್ಲ. ಆಗ ಕೀಲಿ ಇರುವುದು ಕಳ್ಳರ ಬಳಿ ಮಾತ್ರ. 'ನಾವು ಬಿಡಿಸಿಕೊಡುತ್ತೇವೆ, ಅರ್ಧ ಹಣ ಮುಂಗಡ ಕೊಡಿ' ಎನ್ನುವವರನ್ನು ನಂಬಬೇಡಿ. ನಮಗೂ ಅಂಥ ಕರೆ ಬಂತು.

ದೊಡ್ಡ ವಿಡಿಯೋ ಇದ್ದವರು ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ. ಈ ವೈರಸ್ ಫೈಲಿನ ಆರಂಭದ ಸುಮಾರು 150 ಕಿಲೋಬೈಟ್ ಭಾಗವನ್ನಷ್ಟೇ ಕೆಡಿಸುತ್ತದೆ. ಅದೇ ಕ್ಯಾಮೆರಾದ ಒಂದು ಒಳ್ಳೆಯ ಕ್ಲಿಪ್ ಇದ್ದರೆ, ವಿಡಿಯೋ ರಿಪೇರಿ ಸಾಫ್ಟ್‌ವೇರ್‌ನಿಂದ ಉಳಿದದ್ದನ್ನು ಎಷ್ಟೋ ಸಲ ಎತ್ತಬಹುದು. ಮುಹೂರ್ತದ ವಿಡಿಯೋಗಳು ನಮಗೆ ಸಿಕ್ಕಿದ್ದು ಹೀಗೆಯೇ. ಫೋಟೋಗಳು ಸಿಗಲಿಲ್ಲ. ಆ ಮದುವೆ ಮನೆಯವರಿಗೆ ಏನು ಹೇಳುವುದು?

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಸ್ಟಾಪ್ ಅನೇಕ ಸಲ ಪಾಸ್‌ವರ್ಡ್ ಕದಿಯುವ ಇನ್ನೊಂದು ವೈರಸ್ಸನ್ನೂ ಜೊತೆಗೆ ತರುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕ್, ಇಮೇಲ್ ಪಾಸ್‌ವರ್ಡುಗಳನ್ನೆಲ್ಲ ಬೇರೆ ಕಂಪ್ಯೂಟರ್ ಅಥವಾ ಮೊಬೈಲಿನಿಂದ ಅದೇ ದಿನ ಬದಲಾಯಿಸಿ.