ತಿರುವಣ್ಣಾಮಲೈ ಕಾರ್ತಿಕ ದೀಪ: ಹೋಗಿ ಬನ್ನಿ, ಆದರೆ ಗುಡಿಯ ಒಳಗೆ ನುಗ್ಗಬೇಡಿ

ಬೆಂಗಳೂರಿನಿಂದ ತಮಿಳುನಾಡಿನ ತಿರುವಣ್ಣಾಮಲೈಗೆ ಹುಣ್ಣಿಮೆ ಹುಣ್ಣಿಮೆಗೂ ಹೋಗಿ ಬರುವವರು ಈಗ ತುಂಬಾ ಜನ. ಅವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ. ಕಾರ್ತಿಕ ದೀಪದ ದಿನವೇ ಹೋಗಬಹುದಾ, ಅದೂ ಮನೆಮಂದಿಯನ್ನೆಲ್ಲ ಕರೆದುಕೊಂಡು? ಖಂಡಿತ ಹೋಗಿ ಅಂತಲೇ ಹೇಳುತ್ತೇನೆ. ಆದರೆ ಅಲ್ಲಿನ ಅರುಣಾಚಲೇಶ್ವರ ದೇವಸ್ಥಾನದ ಒಳಗೆ ನಿಂತೇ ನೋಡಬೇಕು ಅನ್ನುವ ಹಟ ಬಿಟ್ಟು ಹೋಗಿ. ಈ ಹಬ್ಬದ ದೊಡ್ಡ ದೀಪ ಹತ್ತುವುದು ಗುಡಿಯಲ್ಲಲ್ಲ, 2,668 ಅಡಿ ಎತ್ತರದ ಬೆಟ್ಟದ ತುದಿಯಲ್ಲಿ. ಟಿಕೆಟ್ ಇದ್ದವರಿಗೂ, ರಸ್ತೆ ಬದಿಯಲ್ಲಿ ಚಾಪೆ ಹಾಕಿ ಕುಳಿತವರಿಗೂ ಕಾಣುವುದು ಅದೇ ದೀಪ.

ಮೊದಲು ದಿನಾಂಕದ ವಿಷಯ, ಯಾಕೆಂದರೆ ನಮ್ಮ ಕಡೆಯವರು ಎಡವುವುದೇ ಇಲ್ಲಿ. ನಮ್ಮ ಕ್ಯಾಲೆಂಡರಿನ ಕಾರ್ತಿಕ ಹುಣ್ಣಿಮೆ ನೋಡಿಕೊಂಡು ಬಸ್ಸು ಬುಕ್ ಮಾಡಬೇಡಿ. ತಮಿಳರದು ಸೌರಮಾನ. ಅವರ ಕಾರ್ತಿಕ ತಿಂಗಳು ನವೆಂಬರ್ ಮಧ್ಯದಲ್ಲಿ ಶುರುವಾಗಿ ಡಿಸೆಂಬರ್ ಮಧ್ಯಕ್ಕೆ ಮುಗಿಯುತ್ತದೆ, ಆ ತಿಂಗಳಲ್ಲಿ ಹುಣ್ಣಿಮೆಯ ಹತ್ತಿರ ಕೃತ್ತಿಕಾ ನಕ್ಷತ್ರ ಬರುವ ದಿನ ದೀಪ. 2023ರಲ್ಲಿ ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ಬಂದವು, ನವೆಂಬರ್ 26ಕ್ಕೆ ದೀಪ. 2024ರಲ್ಲಿ ನಮ್ಮ ಹುಣ್ಣಿಮೆ ನವೆಂಬರ್ 15, ಅಲ್ಲಿನ ದೀಪ ಡಿಸೆಂಬರ್ 13. 2025ರಲ್ಲೂ ಹಾಗೇ, ನಮ್ಮದು ನವೆಂಬರ್ 5, ಅವರದು ಡಿಸೆಂಬರ್ 3. ಒಂದು ತಿಂಗಳ ವ್ಯತ್ಯಾಸ ಅಂದರೆ ಸುಮ್ನೆ ಅಲ್ಲ ಅಲ್ವಾ?

ಉತ್ಸವ ಒಟ್ಟು ಹತ್ತು ದಿನ. ಧ್ವಜ ಏರಿಸುವುದರಿಂದ ಶುರು, ಏಳನೇ ದಿನ ದೊಡ್ಡ ತೇರು, ಹತ್ತನೇ ದಿನ ದೀಪ. ತೇರಿನ ದಿನವೂ ಜನಸಾಗರವೇ, ಆದರೆ ಹೊರ ಊರಿನವರಿಗೆ ಆ ಹತ್ತನೇ ದಿನ ಮುಖ್ಯ. ಅವತ್ತು ಬೆಳಗಿನ ಜಾವ ನಾಲ್ಕಕ್ಕೆ ಗರ್ಭಗುಡಿಯ ಮುಂದೆ ಭರಣಿ ದೀಪ ಹಚ್ಚುತ್ತಾರೆ. ಸಂಜೆ ಪಂಚಮೂರ್ತಿಗಳನ್ನು, ಅಂದರೆ ಗಣಪತಿ, ಮುರುಗ, ಶಿವ, ಪಾರ್ವತಿ, ಚಂಡಿಕೇಶ್ವರರ ಉತ್ಸವಮೂರ್ತಿಗಳನ್ನು, ಧ್ವಜಸ್ತಂಭದ ಎದುರಿನ ಮಂಟಪಕ್ಕೆ ತರುತ್ತಾರೆ. ಸರಿಯಾಗಿ ಆರು ಗಂಟೆ ಹೊತ್ತಿಗೆ ಅರ್ಧನಾರೀಶ್ವರ ಕುಣಿಯುತ್ತಾ ಹೊರಗೆ ಬಂದು, ಒಂದೆರಡು ನಿಮಿಷ ದರ್ಶನ ಕೊಟ್ಟು ಒಳಗೆ ಹೋಗುತ್ತಾನೆ. ಆ ಮೂರ್ತಿ ಹಾಗೆ ಹೊರಗೆ ಬರುವುದು ವರ್ಷಕ್ಕೆ ಅದೊಂದೇ ಸಲ. ಕೂಡಲೇ ಧ್ವಜಸ್ತಂಭದ ಹತ್ತಿರ ಅಖಂಡ ದೀಪ ಹತ್ತುತ್ತದೆ, ಅದನ್ನೇ ಸನ್ನೆಯಾಗಿ ಹಿಡಿದು ಬೆಟ್ಟದ ಮೇಲೆ ಕಾಯುತ್ತಿರುವವರು ಮಹಾದೀಪ ಹಚ್ಚುತ್ತಾರೆ.

ಆ ಮಹಾದೀಪದ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಆಳೆತ್ತರದ ತಾಮ್ರದ ಕೊಪ್ಪರಿಗೆಯನ್ನು ಹಿಂದಿನ ದಿನವೇ ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿಸುತ್ತಾರೆ. ಸಾವಿರಾರು ಕಿಲೋ ತುಪ್ಪ, ಹಿಂದೆಲ್ಲ 3,500 ಕಿಲೋ ಅನ್ನುತ್ತಿದ್ದರು, ಈಚೆಗೆ 4,500 ಅನ್ನುತ್ತಾರೆ. ಸಾವಿರ ಮೀಟರಿಗೂ ಹೆಚ್ಚು ಉದ್ದದ ಹತ್ತಿಬಟ್ಟೆಯ ಬತ್ತಿ. ಹೊರುವವರು, ಹಚ್ಚುವವರು ಪರ್ವತರಾಜಕುಲದ ಮೀನುಗಾರರು, ತಲೆತಲಾಂತರದಿಂದ ಬಂದ ಹಕ್ಕು ಅವರದು. ತುಪ್ಪಕ್ಕೆ ನೀವೂ ಕಾಣಿಕೆ ಕೊಡಬಹುದು, ದೇವಸ್ಥಾನದಲ್ಲಿ ಅದಕ್ಕೇ ಕೌಂಟರ್ ಇರುತ್ತದೆ. ನಮ್ಮತ್ತೆ ಗುಡಿಗೆ ಕಾಲಿಡುವ ಮೊದಲು ಅಲ್ಲಿಗೇ ಹೋಗಿ ರಸೀದಿ ಬರೆಸಿದರು. ನಮ್ಮ ಹನಿ ತುಪ್ಪವೂ ಮೇಲೆ ಉರಿಯುತ್ತದೆ ಅನ್ನುವ ಸಂತೋಷ ಬೇರೆಯೇ.

ಈಗ ಒಳಗೋ ಹೊರಗೋ ಅನ್ನುವ ವಿಷಯ. ಭರಣಿ ದೀಪಕ್ಕೂ ಮಹಾದೀಪಕ್ಕೂ 500 ರೂಪಾಯಿ ಆಸುಪಾಸಿನ ಟಿಕೆಟ್ ಇರುತ್ತವೆ, ದೇವಸ್ಥಾನದ ವೆಬ್‌ಸೈಟಿನಲ್ಲಿ ಹಬ್ಬಕ್ಕೆ ಸ್ವಲ್ಪ ಮೊದಲು ಬಿಡುತ್ತಾರೆ, ಆಧಾರ್ ಬೇಕು. ಇರುವುದು ಬಹಳ ಕಡಿಮೆ, ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಸಿಕ್ಕರೂ ಮಧ್ಯಾಹ್ನವೇ ಒಳಗೆ ಸೇರಿ ಗಂಟೆಗಟ್ಟಲೆ ಒತ್ತಿಕೊಂಡು ಕೂರಬೇಕು, ಎದ್ದು ಹೋದರೆ ಜಾಗ ಹೋಯಿತು. ಅರ್ಧನಾರೀಶ್ವರನನ್ನು ಕಣ್ಣಾರೆ ನೋಡಲೇಬೇಕು ಅನ್ನುವ ಗಟ್ಟಿ ಭಕ್ತರಿಗೆ ಅದು ಸರಿ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಬೇಡವೇ ಬೇಡ.

ನಾವು ನಿಂತಿದ್ದು ಚೆಂಗಂ ರಸ್ತೆಯಲ್ಲಿ, ರಮಣಾಶ್ರಮ ದಾಟಿ ಸ್ವಲ್ಪ ಮುಂದೆ. ಬೆಟ್ಟದ ತುದಿ ಅಲ್ಲಿಂದ ಪೂರ್ತಿ ಕಾಣುತ್ತದೆ, ಅಡ್ಡ ಕಟ್ಟಡ ಇಲ್ಲ. ರಾಜಗೋಪುರದ ಎದುರಿನ ಬೀದಿಗಳಿಗಿಂತ ಜನವೂ ಕಡಿಮೆ. ಐದು ಗಂಟೆಗೆಲ್ಲ ರಸ್ತೆಯ ಎರಡೂ ಕಡೆ ಜನ ಕುಳಿತರು. ಮನೆಗಳ ಮುಂದೆ ರಂಗೋಲಿಯ ಮೇಲೆ ಹಣತೆಗಳಿಗೆ ಎಣ್ಣೆ ಹಾಕಿ ಸಾಲಾಗಿ ಇಟ್ಟಿದ್ದರು, ಒಂದನ್ನೂ ಹಚ್ಚಿರಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಮೇಲೆ ದೀಪ ಕಂಡ ಮೇಲೆಯೇ ನಾವು ಹಚ್ಚುವುದು, ಆಮೇಲೆಯೇ ಊಟ ಅಂದರು, ಬೆಳಿಗ್ಗೆಯಿಂದ ಉಪವಾಸ ಇದ್ದರಂತೆ. ಮೋಡ ಕವಿದಿತ್ತು, ತುದಿ ಒಮ್ಮೆ ಕಾಣುವುದು, ಒಮ್ಮೆ ಮರೆಯಾಗುವುದು, ಎಲ್ಲರಿಗೂ ಅದೇ ಚಿಂತೆ. ಆರಾಗುತ್ತಿದ್ದಂತೆ ಮೇಲೆ ಒಂದು ಕಿಡಿ ಕಂಡಿತು, ನೋಡುನೋಡುತ್ತಿದ್ದಂತೆ ದೊಡ್ಡದಾಯಿತು, ಅಷ್ಟೇ, ಇಡೀ ರಸ್ತೆ ಎದ್ದು ನಿಂತು ‘ಅಣ್ಣಾಮಲೈಯಾರುಕ್ಕು ಅರೋಗರಾ’ ಅಂತ ಕೂಗಿತು, ಅಣ್ಣಾಮಲೈಯಾರ್ ಅಂದರೆ ಅರುಣಾಚಲೇಶ್ವರನೇ. ಆ ಕೂಗು ಒಂದೇ ಕಡೆಯಿಂದ ಬರುವುದಿಲ್ಲ, ಬೆಟ್ಟದ ಸುತ್ತಲೂ ಎದ್ದು ಬರುತ್ತದೆ. ನನಗೆ ಮೈ ಜುಂ ಅಂದಿತು, ಅತ್ತೆಯ ಕಣ್ಣಲ್ಲಿ ನೀರು. ಅಜ್ಜಿಯ ಹಣತೆಗಳಿಗೆ ನನ್ನ ಮಗಳೂ ಕೈ ಸೇರಿಸಿದಳು. ಈ ಅನುಭವಕ್ಕೆ ಹತ್ತಕ್ಕೆ ಹತ್ತು ಕೊಡುತ್ತೇನೆ. ಇದಕ್ಕೆ ಒಂದು ಪೈಸೆ ಟಿಕೆಟ್ ಇಲ್ಲ ಅನ್ನುವುದೂ ನೆನಪಿರಲಿ.

ಬೆಟ್ಟ ಹತ್ತಿ ಮೇಲೇ ನೋಡುತ್ತೇವೆ ಅನ್ನುವವರಿಗೆ ಒಂದು ಮಾತು. ಹಿಂದೆ ಕೆಲವೇ ಸಾವಿರ ಜನಕ್ಕೆ ಪಾಸ್ ಕೊಟ್ಟು ಬಿಡುತ್ತಿದ್ದರು. 2024ರ ಡಿಸೆಂಬರ್ ಮೊದಲ ದಿನ, ಫೆಂಗಲ್ ಚಂಡಮಾರುತದ ಮಳೆಗೆ ಬೆಟ್ಟ ಕುಸಿದು ಕೆಳಗಿನ ಮನೆಯಲ್ಲಿದ್ದ ಏಳು ಜನ ತೀರಿಕೊಂಡರು, ಅದರಲ್ಲಿ ಐದು ಮಕ್ಕಳು. ಆ ವರ್ಷ ಭಕ್ತರನ್ನು ಮೇಲೆ ಬಿಡಲೇ ಇಲ್ಲ, ದೀಪದ ಕೆಲಸದವರಷ್ಟೇ ಹೋದರು. ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಯಾರೋ ಗೈಡ್ ಕಾಡುದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದರೆ ದಯವಿಟ್ಟು ಹೋಗಬೇಡಿ.

ಗಿರಿ ಪ್ರದಕ್ಷಿಣೆ 14 ಕಿಲೋಮೀಟರ್, ಬರಿಗಾಲಲ್ಲಿ, ಬೆಟ್ಟ ಬಲಕ್ಕಿರುವಂತೆ. ಮಾಮೂಲು ದಿನ ನಾಲ್ಕೈದು ಗಂಟೆ ಸಾಕು. ದೀಪದ ರಾತ್ರಿ ನಡೆಯುವುದಲ್ಲ, ತೆವಳುವುದು. ಅದಕ್ಕೇ ಬೆಳಿಗ್ಗೆ ಬೇಗ ಶುರು ಮಾಡಿ, ಬಿಸಿಲೇರುವ ಮೊದಲು ಮುಗಿಸಿ, ಮಧ್ಯಾಹ್ನ ಮಲಗಿ, ಸಂಜೆ ದೀಪಕ್ಕೆ ಕುಳಿತುಕೊಳ್ಳಿ. ನಾವು ಮಾಡಿದ್ದು ಹಾಗೇ, ಬಹಳ ಚೆನ್ನಾಗಿ ಹೊಂದಿಕೊಂಡಿತು. ದಾರಿಯಲ್ಲಿ ಎಂಟು ದಿಕ್ಕಿಗೆ ಎಂಟು ಲಿಂಗ, ಇಂದ್ರಲಿಂಗದಿಂದ ಈಶಾನ್ಯಲಿಂಗದವರೆಗೆ. ಎಲ್ಲದರ ಮುಂದೆಯೂ ಕ್ಯೂ ನಿಲ್ಲುತ್ತಾ ಹೋದರೆ ದಿನ ಸಾಲದು, ಹೊರಗಿಂದ ಕೈ ಮುಗಿದು ಹೊರಡಿ. ಬೆಟ್ಟದ ಹಿಂಬದಿಯ ಆದಿ ಅಣ್ಣಾಮಲೈ ಗುಡಿಗೆ ಮಾತ್ರ ಹೋಗಿ ಬನ್ನಿ, ಹಳೆಯ ಗುಡಿ, ಒಳಗೆ ತಂಪು. ಮಂಡಿನೋವು ಇರುವವರು ಪ್ರದಕ್ಷಿಣೆಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಯಾಕೆಂದರೆ ಅವತ್ತು ಅರ್ಧ ದಾರಿಯಲ್ಲಿ ಆಟೋ ಹಿಡಿದು ಬರುತ್ತೇನೆ ಅಂದರೆ ಆಟೋ ಒಳಗೆ ಬರುವುದಿಲ್ಲ.

ಊಟದ ಚಿಂತೆ ಇಲ್ಲ. ದಾರಿಯುದ್ದಕ್ಕೂ ಅನ್ನದಾನ, ಪೊಂಗಲ್, ಪುಳಿಯೋಗರೆ, ಮೊಸರನ್ನ, ಕೆಲವು ಕಡೆ ಬಿಸಿ ಇಡ್ಲಿ. ರುಚಿಯೂ ಶುಚಿಯೂ ಚೆನ್ನಾಗಿತ್ತು, ಬಡಿಸುವವರ ಪ್ರೀತಿ ಇನ್ನೂ ಚೆನ್ನ. ಕುಡಿಯುವ ನೀರೂ ಅಲ್ಲಲ್ಲಿ ಇತ್ತು. ಮಕ್ಕಳ ಕೈಗೆ ಪೊಲೀಸರು ಫೋನ್ ನಂಬರ್ ಬರೆದ ಪಟ್ಟಿ ಕಟ್ಟುತ್ತಾರೆ, ತಪ್ಪದೆ ಕಟ್ಟಿಸಿಕೊಳ್ಳಿ. ಸಂಜೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಬೆಳಿಗ್ಗೆಯೇ ಮಾತಾಡಿಕೊಳ್ಳಿ.

ಬೇಜಾರಾಗಿದ್ದು ಶೌಚಾಲಯದ ವಿಷಯದಲ್ಲಿ. ತಾತ್ಕಾಲಿಕ ಶೌಚಾಲಯಗಳು ಇದ್ದವು ನಿಜ, ಆದರೆ ಮಧ್ಯಾಹ್ನದ ಹೊತ್ತಿಗೆ ಹಲವು ಕಡೆ ನೀರಿಲ್ಲ, ಬಾಗಿಲ ಚಿಲಕ ಇಲ್ಲ, ಹೆಂಗಸರ ಕ್ಯೂ ಮಾತ್ರ ಉದ್ದ. ಲಕ್ಷಗಟ್ಟಲೆ ಜನ ಬರುತ್ತಾರೆ ಅಂತ ಗೊತ್ತಿದ್ದೂ ಇದು ಹೀಗಿರಬಾರದು. ನೀರು ಕುಡಿಯದೆ ನಡೆದು ತಲೆಸುತ್ತಿ ಕುಳಿತ ಹೆಣ್ಣುಮಕ್ಕಳನ್ನು ನೋಡಿದೆ, ತುಂಬಾ ಸಂಕಟವಾಯಿತು. ಇನ್ನೊಂದು ವಸತಿ. ನಾವು ಉಳಿದ ಲಾಡ್ಜಿನವರು ಫೋನಿನಲ್ಲಿ ಒಂದು ದರ ಹೇಳಿ, ಹೋದ ಮೇಲೆ ಅದರ ಎರಡರಷ್ಟು ಕೇಳಿದರು, ಬಿಸಿನೀರೂ ಇರಲಿಲ್ಲ. ದರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ, ಮುಂಗಡದ ರಸೀದಿ ಇಟ್ಟುಕೊಳ್ಳಿ. ಇಲ್ಲವಾದರೆ ವೆಲ್ಲೂರಿನಲ್ಲಿ ಉಳಿದು ಬೆಳಿಗ್ಗೆ ಬನ್ನಿ, ರೂಮುಗಳು ಜಾಸ್ತಿ.

ಕನ್ನಡದವರು ಈ ಗುಡಿಯಲ್ಲಿ ನೋಡಲೇಬೇಕಾದ್ದು ಇನ್ನೂ ಇದೆ, ಹಬ್ಬದ ಗಲಾಟೆಯಲ್ಲಿ ಯಾರೂ ತೋರಿಸುವುದಿಲ್ಲ. ಹನ್ನೊಂದು ಅಂತಸ್ತಿನ, 217 ಅಡಿಯ ರಾಜಗೋಪುರ ಶುರು ಮಾಡಿಸಿದ್ದು ಕೃಷ್ಣದೇವರಾಯ, ಮುಗಿಸಿದ್ದು ತಂಜಾವೂರಿನ ಸೇವಪ್ಪ ನಾಯಕ. ಸಾವಿರ ಕಂಬದ ಮಂಟಪವೂ ರಾಯನದೇ. ಇನ್ನೂ ಒಳಗೆ ಹೋದರೆ ಬಲ್ಲಾಳ ಗೋಪುರ. ನಮ್ಮ ಹೊಯ್ಸಳರ ಮೂರನೇ ವೀರಬಲ್ಲಾಳ, ರಾಜಧಾನಿ ದೋರಸಮುದ್ರ (ಈಗಿನ ಹಳೇಬೀಡು) ದಾಳಿಗೆ ಸಿಕ್ಕಿ ನಲುಗಿದ ಮೇಲೆ, ತಿರುವಣ್ಣಾಮಲೈಯಿಂದ ರಾಜ್ಯ ಆಳಿದವನು. ಅವನಿಗೆ ಮಕ್ಕಳಿರಲಿಲ್ಲ, ಶಿವನೇ ಮಗುವಾಗಿ ಬಂದ ಅಂತ ಅಲ್ಲಿನವರ ಕಥೆ. ಅದಕ್ಕೇ ಇವತ್ತಿಗೂ ಮಾಘದ ಹುಣ್ಣಿಮೆಯ ಹೊತ್ತಿಗೆ ಅರುಣಾಚಲೇಶ್ವರ ಹತ್ತಿರದ ಪಳ್ಳಿಕೊಂಡಪಟ್ಟು ಎಂಬ ಊರಿಗೆ ಹೋಗಿ, ಮಗನ ಸ್ಥಾನದಲ್ಲಿ ನಿಂತು ಬಲ್ಲಾಳ ಮಹಾರಾಜನ ತಿಥಿ ನಡೆಸುತ್ತಾನೆ. ಹಳೇಬೀಡಿನ ದೊರೆಗೆ ತಮಿಳುನಾಡಿನ ದೇವರು ವರ್ಷಾ ವರ್ಷಾ ಶ್ರಾದ್ಧ ಮಾಡುತ್ತಾನೆ! ನಮ್ಮ ಶಾಲೆಯ ಪಾಠದಲ್ಲಿ ಇದನ್ನು ಯಾಕೆ ಹೇಳುವುದಿಲ್ಲವೋ ಗೊತ್ತಿಲ್ಲ, ಹೇಳಬೇಕು.

ಆದರೆ ಇದನ್ನೆಲ್ಲ ದೀಪದ ದಿನ ನೋಡಲಾಗುವುದಿಲ್ಲ. ಮಹಾದೀಪ ಒಂದೇ ರಾತ್ರಿಗೆ ಆರುವುದಿಲ್ಲ, ದಿನಾ ಸಂಜೆ ತುಪ್ಪ ಹಾಕಿ ಹನ್ನೊಂದು ದಿನ ಉರಿಸುತ್ತಾರೆ. ಮರುದಿನಗಳಲ್ಲಿ ಅಯ್ಯಂಕುಳಂ ಕೆರೆಯಲ್ಲಿ ತೆಪ್ಪೋತ್ಸವ, ಸ್ವಾಮಿಯೇ ಬೆಟ್ಟ ಸುತ್ತುವ ದಿನವೂ ಒಂದಿದೆ. ಹುಣ್ಣಿಮೆಯ ಜನ ಇಳಿದ ಮೇಲೆ, ಐದನೆಯದೋ ಆರನೆಯದೋ ದಿನ ಹೋದರೆ ದೇವರ ದರ್ಶನ ಆರಾಮ, ಗೋಪುರಗಳನ್ನು ತಲೆಯೆತ್ತಿ ನೋಡಲು ಜಾಗ ಇರುತ್ತದೆ, ರೂಮಿನ ದರವೂ ಇಳಿದಿರುತ್ತದೆ, ಸಂಜೆ ದೀಪವೂ ಕಾಣುತ್ತದೆ. ಅಜ್ಜ ಅಜ್ಜಿಯರನ್ನು, ಕೈಕೂಸುಗಳನ್ನು ಕರೆದುಕೊಂಡು ಹೋಗುವವರು ಹಾಗೇ ಮಾಡಿ. ಕೂಗೆದ್ದ ಆ ಒಂದು ಕ್ಷಣ ಸಿಗುವುದಿಲ್ಲ, ಬಾಕಿ ಎಲ್ಲ ಸಿಗುತ್ತದೆ. ಕೊಪ್ಪರಿಗೆಯ ಮಸಿಯನ್ನು ಧನುರ್ಮಾಸದಲ್ಲಿ ಬರುವ ನಟರಾಜನ ಹಬ್ಬ ಆರುದ್ರ ದರ್ಶನದಲ್ಲಿ ಮೊದಲು ನಟರಾಜನಿಗೆ ಇಟ್ಟು ಆಮೇಲೆ ಭಕ್ತರಿಗೆ ಪ್ರಸಾದವಾಗಿ ಕೊಡುತ್ತಾರೆ. ಬೇಕೆನ್ನುವವರು ಆ ಹೊತ್ತಿಗೆ ವಿಚಾರಿಸಿ.

ಹೋಗುವ ದಾರಿ ಹೊಸೂರು, ಕೃಷ್ಣಗಿರಿ, ಚೆಂಗಂ, ಸುಮಾರು 200 ಕಿಲೋಮೀಟರ್. ದೀಪದ ದಿನ ಕಾರನ್ನೂ ಬಸ್ಸನ್ನೂ ಊರ ಹೊರಗೇ ನಿಲ್ಲಿಸುತ್ತಾರೆ. ಪ್ರತಿ ರಸ್ತೆಗೂ ಒಂದೊಂದು ತಾತ್ಕಾಲಿಕ ಬಸ್ ನಿಲ್ದಾಣ, ಬೆಂಗಳೂರಿನ ಬಸ್ಸುಗಳಿಗೆ ಚೆಂಗಂ ರಸ್ತೆಯ ಕಡೆಯದು. ಅಲ್ಲಿಂದ ನಡೆಯುವುದು ಇದ್ದೇ ಇದೆ, ಸಾಮಾನು ಕಡಿಮೆ ಇರಲಿ. ಅದು ಹಿಂಗಾರು ಮಳೆಯ ಕಾಲ, ಕೊಡೆ ಬೇಡ, ಜನರ ಕಣ್ಣಿಗೆ ಚುಚ್ಚುತ್ತದೆ, ರೇನ್‌ಕೋಟ್ ತನ್ನಿ. ಬಸ್ಸು ಬೇಡ ಅನ್ನುವವರು ಚೆನ್ನೈ ರೈಲಿನಲ್ಲಿ ಕಾಟ್ಪಾಡಿಗೆ ಹೋಗಿ ವೆಲ್ಲೂರಿನಿಂದ ಬಸ್ಸು ಹಿಡಿಯಬಹುದು. ವಾಪಸ್ ಬರುವವರು ದೀಪ ಹತ್ತಿದ ಕೂಡಲೇ ಬಸ್ಸಿಗೆ ಓಡಬೇಡಿ. ಏಳರಿಂದ ಹತ್ತರವರೆಗೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಚೆಂಗಂ ರಸ್ತೆ ಅಲುಗುವುದಿಲ್ಲ. ನಾವು ಊಟ ಮಾಡಿ, ಅಲ್ಲೇ ಚಾಪೆಯ ಮೇಲೆ ಸ್ವಲ್ಪ ಮಲಗಿ, ಬೆಳಗಿನ ಜಾವದ ಬಸ್ಸು ಹಿಡಿದೆವು, ಎಲ್ಲರಿಗೂ ಸೀಟು ಸಿಕ್ಕಿತು.