ಮಾರುವವರ ಪರವಾಗಿ ಕಾಗದಪತ್ರ ಪರಿಶೀಲನೆ: ಮೈಸೂರಿನ ವಕೀಲರೊಬ್ಬರ ಸೇವೆಯ ಕುರಿತು

ಮನೆ ಕೊಳ್ಳುವವರು ವಕೀಲರ ಬಳಿ ಹೋಗುವುದು ವಾಡಿಕೆ. ಮಾರುವವರು ಹೋಗುವುದು ಕಡಿಮೆ. ಕುವೆಂಪುನಗರದಲ್ಲಿ ತಂದೆಯವರು ಕಟ್ಟಿಸಿದ ಮನೆಯನ್ನು ಮಾರಲು ನಿಶ್ಚಯಿಸಿದಾಗ, ಗಿರಾಕಿ ಸಿಕ್ಕ ಮೇಲೆ ಕಾಗದ ನೋಡಿಕೊಂಡರಾಯಿತೆಂದು ನಾವೂ ಇದ್ದೆವು. ಸೋದರಮಾವನ ಒತ್ತಾಯಕ್ಕೆ ಮಣಿದು, ಮುಂಗಡದ ಮಾತು ಬರುವ ಮೊದಲೇ ನಗರದ ವಕೀಲರೊಬ್ಬರಿಗೆ ಕಡತವನ್ನು ಒಪ್ಪಿಸಿದೆವು. ಪರಿಶೀಲನೆ, ಲಿಖಿತ ಅಭಿಪ್ರಾಯ ಮತ್ತು ಕ್ರಯ ಕರಾರಿನ ಕರಡು ಸೇರಿ 18,000 ರೂಪಾಯಿ ಎಂದು ಮೊದಲೇ ತಿಳಿಸಿದ್ದರು. ಕೊನೆಗೂ ಅಷ್ಟನ್ನೇ ಪಡೆದರು.

ಅವರು ಮೊದಲು ಹಿಡಿದದ್ದು ಖಾತೆಯ ವಿಷಯವನ್ನು. ತಂದೆಯವರು ಉಯಿಲು ಬರೆಯದೆ ತೀರಿಕೊಂಡ ಮೇಲೆ ತಾಯಿ ಮತ್ತು ತಂಗಿಯರ ಒಪ್ಪಿಗೆ ಪತ್ರದ ಆಧಾರದ ಮೇಲೆ ಖಾತೆ ನನ್ನೊಬ್ಬನ ಹೆಸರಿಗಾಗಿತ್ತು, ಅಲ್ಲಿಗೆ ಮನೆ ನನ್ನದಾಯಿತೆಂದೇ ಎಲ್ಲರೂ ತಿಳಿದಿದ್ದೆವು. ಖಾತೆ ಎಂಬುದು ಕಂದಾಯ ಕಟ್ಟುವವರ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ತಂದೆಯವರ ಸ್ವಯಾರ್ಜಿತ ಆಸ್ತಿಯಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿಗೂ ನಮ್ಮ ಮೂವರಿಗೂ ಸಮಪಾಲು, ತಂಗಿಯರ ಮದುವೆ ಯಾವ ವರ್ಷ ಆಯಿತೆಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂದು ಅವರು ತಾಯಿಗೆ ಅರ್ಥವಾಗುವಂತೆ ಕುಳಿತು ವಿವರಿಸಿದರು. ತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸುವುದು ಒಂದು ದಾರಿಯಾಗಿತ್ತು. ಆದರೆ ಹಣವನ್ನು ನಾಲ್ವರೂ ಹಂಚಿಕೊಳ್ಳುವವರೇ ಆದ್ದರಿಂದ ನಾಲ್ವರ ಹೆಸರಿಗೂ ಇ-ಖಾತೆ ಮಾಡಿಸಿ, ಕ್ರಯಪತ್ರಕ್ಕೆ ನಾಲ್ವರೂ ಸಹಿ ಹಾಕುವುದೇ ಮೇಲೆಂದರು. ಯಾರ ಪಾಲನ್ನೂ ಅನುಮಾನಕ್ಕೆ ಬಿಡದ ಈ ಸಲಹೆಯೊಂದಕ್ಕೇ ಅವರ ಶುಲ್ಕ ಸಂದಿತೆಂದು ನನ್ನ ಭಾವನೆ.

ಎರಡನೆಯದು ಋಣಭಾರ ಪ್ರಮಾಣಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳನ್ನು ತೋರಿಸುವ ಪತ್ರ. ಗಣಕೀಕೃತ ದಾಖಲೆ ಸಿಗುವುದು 2004ರ ಏಪ್ರಿಲ್‌ನಿಂದೀಚೆಗೆ ಮಾತ್ರವಾದ್ದರಿಂದ, ಅದರ ಹಿಂದಿನ ಅವಧಿಯನ್ನು ಉಪನೋಂದಣಿ ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಿದರು. ತೊಡಕು ಸಿಕ್ಕಿದ್ದು ಮಾತ್ರ ಈಚಿನ ಅವಧಿಯಲ್ಲಿ: 2006ರ ಗೃಹಸಾಲ 2011ರಲ್ಲೇ ತೀರಿದ್ದರೂ ಅಡಮಾನದ ನಮೂದು ಹಾಗೆಯೇ ಉಳಿದಿತ್ತು. ಬ್ಯಾಂಕಿನಿಂದ ಋಣಮುಕ್ತಿ ಪತ್ರವನ್ನು ನೋಂದಾಯಿಸಿಕೊಳ್ಳಲು ಆರು ವಾರ ಹಿಡಿಯಿತು. ಮುಂಗಡ ಪಡೆದು ಕರಾರಿನಲ್ಲಿ ಮೂರು ತಿಂಗಳ ಗಡುವು ಒಪ್ಪಿಕೊಂಡಿದ್ದರೆ ಅದರಲ್ಲಿ ಅರ್ಧ ಇದಕ್ಕೇ ಹೋಗುತ್ತಿತ್ತು.

ಸಿಂಗಪುರದಲ್ಲಿರುವ ಕಿರಿಯ ತಂಗಿಯ ಪರವಾಗಿ ಇಲ್ಲಿ ಸಹಿ ಹಾಕಲು ಬೇಕಾದ ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ಹೈಕಮಿಷನ್‌ನಲ್ಲಿ ದೃಢೀಕರಿಸಿ, ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕೆಂದು ಎಚ್ಚರಿಸಿದವರೂ ಇವರೇ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಶೇಕಡಾ 1ರಷ್ಟು ಆದಾಯ ತೆರಿಗೆ ಹಿಡಿಯುತ್ತಾರೆ, ಆದರೆ ಅನಿವಾಸಿಯ ಪಾಲಿಗೆ ಆ ದರ ಅನ್ವಯಿಸುವುದಿಲ್ಲ ಎಂದು ತಿಳಿಸಿ, ಉಳಿದ ತೆರಿಗೆ ಲೆಕ್ಕಕ್ಕೆ ಆಡಿಟರರನ್ನು ಕಾಣಲು ಹೇಳಿದರು. ತಮ್ಮದಲ್ಲದ ವಿಷಯಕ್ಕೆ ಕೈ ಹಾಕದ ಈ ಗುಣ ನನಗೆ ಬಹಳ ಹಿಡಿಸಿತು.

ಕೊರತೆಗಳೂ ಇದ್ದವು. ಹತ್ತು ದಿನದಲ್ಲಿ ಕೊಡುವೆನೆಂದ ಅಭಿಪ್ರಾಯ ಇಪ್ಪತ್ತಾರನೆಯ ದಿನ ಬಂತು. ಆ ನಡುವೆ ಮಾಡಿದ ಕರೆಗಳಿಗೆ ಬಹುಪಾಲು ಉತ್ತರವಿರಲಿಲ್ಲ. ಬಂದದ್ದೂ ಇಂಗ್ಲಿಷಿನಲ್ಲಿ. ಸಹಿ ಹಾಕಬೇಕಾದ ತಾಯಿ ಕನ್ನಡ ಮಾತ್ರ ಓದಬಲ್ಲವರು, ಆದ್ದರಿಂದ ಕನ್ನಡದಲ್ಲಿ ಬೇಕೆಂದು ಮೊದಲ ದಿನವೇ ಕೇಳಿದ್ದೆ. ಎರಡನೆಯ ಬಾರಿ ಕೇಳಿದ ಮೇಲೆ ಎರಡು ಪುಟಗಳ ಕನ್ನಡ ಸಾರಾಂಶ ಕೊಟ್ಟರು. ಅದು ಸ್ಪಷ್ಟವಾಗಿತ್ತು, ಚೆಕ್ಕುಬಂದಿಯೂ (ನಾಲ್ಕು ದಿಕ್ಕಿನ ಎಲ್ಲೆಯ ವಿವರ) ಮೂಲಪತ್ರಕ್ಕೆ ಸರಿಹೊಂದುತ್ತಿತ್ತು.

ಅವಸರವಿರುವವರಿಗೆ ಇವರ ವೇಗ ಸಾಲದು. ವಾರಸುದಾರರು ಹಲವರಿರುವ, ಹಳೆಯ ಸಾಲದ ಗುರುತು ಉಳಿದಿರುವ ಮನೆಯಾದರೆ, ಮಾರುವ ಯೋಚನೆ ಬಂದ ದಿನವೇ ಇಂಥವರಲ್ಲಿಗೆ ಹೋಗಬೇಕೆಂದು ಹೇಳುತ್ತೇನೆ. ನಮ್ಮ ಮನೆಗೆ ಗಿರಾಕಿ ಬಂದಾಗ ಅವರ ಬ್ಯಾಂಕಿನ ವಕೀಲರು ಹೆಚ್ಚುವರಿಯಾಗಿ ಕೇಳಿದ ಕಾಗದ ಒಂದೇ, ತಂದೆಯವರ ಮರಣ ಪ್ರಮಾಣಪತ್ರದ ಇನ್ನೊಂದು ದೃಢೀಕೃತ ಪ್ರತಿ.